ಬಾಕಿ

ಮೇಯೋ ಹಾಲ್ ಗೇಟಿನಾಚೆ, ಹೊಂಗೆಮರದ ಕೆಳಗೆ ನನ್ನ ಮೇಜು.
ಇಪ್ಪತ್ತೆರಡು ವರ್ಷದಿಂದ ಅದರ ಒಂದು ಕಾಲಿಗೆ
ಇಟ್ಟಿಗೆ ಚೂರೇ ಆಧಾರ.
ಪುಟಕ್ಕೆ ಅರವತ್ತು ರೂಪಾಯಿ, ಕಾರ್ಬನ್ ಪ್ರತಿಗೆ ಹತ್ತು.
ಯಂತ್ರದಲ್ಲಿ ಕ ಒತ್ತಿನ ಕೀಲಿ ಸವೆದಿದೆ,
ಬಲವಾಗಿ ಕುಟ್ಟದಿದ್ದರೆ
ಹಕ್ಕು ಬರೀ ಹಕು ಆಗುತ್ತದೆ.

ಸೋಮವಾರ ಬಂದವಳು ಮಯಫುಲ್ ನೆಸ್ಸಾ.
ಅಸ್ಸಾಮಿನ ಬಾರ್‌ಪೇಟಾ ಕಡೆಯವಳು.
ಪಣತ್ತೂರಿನ ಹಿಂದೆ, ಕಸ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ:
ಹಾಲಿನ ಕವರು ಒಂದು ಕಡೆ, ಒಡೆದ ಗಾಜು ಒಂದು ಕಡೆ,
ನಮ್ಮ ಮನೆಗಳಿಂದ ಹೊರಟದ್ದೆಲ್ಲ
ಅವಳ ಬೆರಳು ದಾಟಿಯೇ ಹೋಗಬೇಕು.
ಹನ್ನೊಂದು ವಾರದ ಕೂಲಿ ಕೊಟ್ಟಿಲ್ಲ.
ಕೇಳಿದ್ದಕ್ಕೆ ಮೇಸ್ತ್ರಿ ಆಧಾರ್ ಕಾರ್ಡು ಇಸಕೊಂಡು
ಅಂಗಿ ಜೇಬಿಗಿಳಿಸಿ
"ಎಲ್ಲಿಗೆ ಹೋಗ್ತೀಯ ನೋಡೇ ಬಿಡೋಣ" ಅಂದನಂತೆ.

ಇಷ್ಟನ್ನೂ ಹೇಳಿದವನು ಮಗ ರಫೀಕುಲ್, ಒಂಬತ್ತು ವರ್ಷ,
ಸರ್ಕಾರಿ ಶಾಲೆಯ ಕನ್ನಡ, ಪಕ್ಕಾ.
"ಆಂಟಿ, ದುಡ್ಡು ಕೊಟ್ಟಿಲ್ಲ ಅಂತ ಬರೀರಿ. ಬೈದಿದ್ದೂ ಬರೀರಿ."
ಬೈದಿದ್ದಕ್ಕೆ ಕಾಲಂ ಇಲ್ಲ ಕಣೋ, ಅಂದೆ.

ಖಾಯಂ ವಿಳಾಸ?
ಹುಡುಗ ಅಮ್ಮನನ್ನು ಕೇಳಿದ. ಅವಳು ಮಾತಾಡದೆ
ಮೇಜಿನಂಚಿನಿಂದ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಜಾರಿಸಿದಳು.
"ನದೀಲಿ ಹೋಯ್ತು ಆಂಟಿ. ಮನೆ, ಸೌತೆ ಚಪ್ಪರ, ಅಜ್ಜನ ಗೋರಿ.
ಮೂರು ಸಲ ಹೋಯ್ತು."
ಈಗಿನ ವಿಳಾಸ?
"ನೀಲಿ ಟಾರ್ಪಾಲು. ಹೋದ ವಾರ ಜೆಸಿಬಿ ಬಂದಿತ್ತು."

ಬೆರಳು ತಡೆದವು.
ನಮ್ಮಕ್ಕ ಮುನಿಲಕ್ಷ್ಮಿ ಕುವೈತಿಗೆ ಹೋಗಿ ಆರು ವರ್ಷ.
ಶ್ರೀನಿವಾಸಪುರದಿಂದ ಹೊರಟವಳ ಪಾಸ್‌ಪೋರ್ಟು
ಮನೆಯೊಡತಿಯ ಬೀರುವಿನಲ್ಲಿ, ಅತ್ತರಿನ ಬಾಟಲಿಗಳ ಹಿಂದೆ.
ಬೀಗದ ಕೈ ಎಲ್ಲಿರುತ್ತದೆ ಅಂತ ಅವಳಿಗೆ ಗೊತ್ತು. ಮುಟ್ಟುವುದಿಲ್ಲ.
ದಿನಾ ಅದೇ ಬೀರುವಿನ ಧೂಳು ಒರೆಸುತ್ತಾಳೆ.
ಅವಳಿಗೊಂದು ಅರ್ಜಿ ಹೊಡೆದುಕೊಡಲು
ಅಲ್ಲಿ ಯಾವ ಮರದ ಕೆಳಗೆ ಯಾರು ಕೂತಿದ್ದಾರೋ.
ಮರವಾದರೂ ಇದೆಯೋ.

ವಿಳಾಸ ಖಾಲಿ ಬಿಟ್ಟು, ಉಳಿದದ್ದು ಹೊಡೆದು,
ರೂಢಿಯಂತೆ ಗಟ್ಟಿಯಾಗಿ ಓದಿದೆ:
"ಮಾನ್ಯರೆ, ಅರ್ಜಿದಾರರಿಗೆ ಬರಬೇಕಾದ ಬಾಕಿ..."
"ಬಾಕಿ," ಅಂದಳು ಮಯಫುಲ್, ಮಗ ಬಾಯಿ ತೆರೆಯುವ ಮೊದಲೇ.
"...ಮೇಲ್ಕಂಡ ತಾರೀಖಿನಿಂದ..."
"ತಾರಿಖ್."
"...ಪಡೆಯುವುದು ಆಕೆಯ ಹಕ್ಕು."
"ಹಕ್," ಅಂದಳು, ಮೇಜನ್ನೊಮ್ಮೆ ತಟ್ಟಿ.
ಇಟ್ಟಿಗೆ ಚೂರು ಅಲುಗಿತು.

ಅಕ್ಕನೂ ಫೋನಿನಲ್ಲಿ ಹೇಳಿದ್ದಳು, ಅಲ್ಲಿಯೂ ಅದೇ ಮಾತಂತೆ,
ಗಂಟಲಿನ ಆಳದಿಂದ ಎಳೆದು ಹೇಳಬೇಕಂತೆ.
ಇಷ್ಟು ವರ್ಷ ಕುಟ್ಟಿದ್ದೇನೆ
ವಕೀಲ, ಜಾಮೀನು, ರುಜುವಾತು, ಅರ್ಜಿ,
ಯಾವ ಹಡಗು ಹತ್ತಿ, ಯಾವ ಕುದುರೆಯ ಬೆನ್ನೇರಿ ಬಂದವೋ,
ಬಾಲಕ್ಕೊಂದು ಉಕಾರ ಸಿಕ್ಕಿಸಿಕೊಂಡು ಕೆಲವು,
ಹಾಗೇ ಬಂದು ಕೂತವು ಕೆಲವು,
ಈಗ ನಮ್ಮ ನಾಲಗೆಯವೇ.
ಎಲ್ಲಿಂದ ಬಂದಿರಿ ಅಂತ ಯಾರೂ ಗೇಟಿನಲ್ಲಿ ತಡೆಯಲಿಲ್ಲ.
ಖಾಯಂ ಅನ್ನುವ ಮಾತಿಗೇ
ಇಲ್ಲಿ ಖಾಯಂ ವಿಳಾಸ ಇರಲಿಲ್ಲ.

ಆದರೆ ಕಾಲಂ ಖಾಲಿ ಬಿಟ್ಟರೆ ಗುಮಾಸ್ತ ವಾಪಸು ಎಸೆಯುತ್ತಾನೆ.
ಹಾಳೆಯನ್ನು ಮತ್ತೆ ಸುತ್ತಿ ಹೊಡೆದೆ:
ಮಾರ್ಫತ್ ಪುಟ್ಟಗಂಗಮ್ಮ, ಟೈಪಿಸ್ಟ್,
ಹೊಂಗೆಮರದ ಕೆಳಗೆ, ಮೇಯೋ ಹಾಲ್ ಗೇಟಿನಾಚೆ.
ಈ ಮರಕ್ಕೂ ಯಾರೋ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ.
ಇರಲಿ, ಕಡಿಯುವ ತನಕ ಅಂಚೆಯವನಿಗೆ ಗೊತ್ತಾಗುತ್ತದೆ.

ಅವಳು ಸೆರಗಿನ ಗಂಟು ಬಿಚ್ಚಿ ಎಪ್ಪತ್ತು ಎಣಿಸಿದಳು.
ಹತ್ತು ಬಿಟ್ಟೆ, ಅರವತ್ತು ತೆಗೆದುಕೊಂಡೆ.
ನಾನೂ ಬಾಡಿಗೆ ಕೊಡಬೇಕು.

ರಫೀಕುಲ್ ಕಾರ್ಬನ್ ಪ್ರತಿಯನ್ನು ಬಿಸಿಲಿಗೆ ಹಿಡಿದು
ಸಾಲಿನ ಮೇಲೆ ಬೆರಳಿಟ್ಟು ಹುಡುಕುತ್ತಿದ್ದ,
ಬೈದದ್ದನ್ನು ಎಲ್ಲಿ ಬರೆದಿದ್ದೇನೆ ಅಂತ.